ಟೆನ್ಷನ್‌ಗೂ ಹೊಟ್ಟೆಯ ಬ್ಯಾಕ್ಟೀರಿಯಾಗೂ ಏನು ನಂಟು? ಜೀರ್ಣಾಂಗ ವೈದ್ಯರಿಗೆ ಗುಂಪಿನ ಪ್ರಶ್ನೆಗಳು

ಪ್ರಶ್ನೆ (ಬೊಮ್ಮನಹಳ್ಳಿಯಿಂದ): ಡಾಕ್ಟ್ರೇ ನಮಸ್ಕಾರ. ಎಲೆಕ್ಟ್ರಾನಿಕ್ ಸಿಟೀಲಿ ಕೆಲಸ. ರಿವ್ಯೂ ಮೀಟಿಂಗ್ ಇದ್ದ ದಿನ ಬಸ್ ಹತ್ತೋ ಮುಂಚೆ ಎರಡು ಮೂರು ಸಲ ಟಾಯ್ಲೆಟ್‌ಗೆ ಓಡಬೇಕು. ಟೆಸ್ಟ್ ಎಲ್ಲ ನಾರ್ಮಲ್. ಮೆಡಿಕಲ್ ಶಾಪಿನವರು ಪ್ರೊಬಯಾಟಿಕ್ (ಒಳ್ಳೇ ಬ್ಯಾಕ್ಟೀರಿಯಾ ಇರೋ) ಕ್ಯಾಪ್ಸೂಲ್ ತಗೊಳ್ಳಿ, ಟೆನ್ಷನ್ನೂ ಇಳಿಯತ್ತೆ ಅಂದ್ರು. ನಿಜಾನಾ?

ಉತ್ತರ: ಹೊಟ್ಟೆಗೂ ತಲೆಗೂ ನಂಟು ನಿಜ. ಕ್ಯಾಪ್ಸೂಲಿನ ಮಾತು ಬೇರೆ.

ಕರುಳಿಗೂ ಮಿದುಳಿಗೂ ನಡುವೆ ವೇಗಸ್ ಎಂಬ ನರ ಇದೆ. ಅದರ ಎಳೆಗಳಲ್ಲಿ ಸುಮಾರು ಶೇ. 80ರಷ್ಟು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. 2004ರಲ್ಲಿ ಜಪಾನಿನ ಸಂಶೋಧಕರು ಮೈಯಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಅಲ್ಲಾಡಲಾಗದಂತೆ ಹಿಡಿದಿಟ್ಟು ನೋಡಿದರು. ಒತ್ತಡದ ಹಾರ್ಮೋನು ಮಾಮೂಲಿ ಇಲಿಗಳಿಗಿಂತ ಜೋರಾಗಿ ಏರಿತು. ಮರಿಯಿದ್ದಾಗಲೇ ಬ್ಯಾಕ್ಟೀರಿಯಾ ಕೊಟ್ಟರೆ ಅದು ಹತೋಟಿಗೆ ಬರುತ್ತಿತ್ತು, ದೊಡ್ಡವಾದ ಮೇಲೆ ಕೊಟ್ಟರೆ ಇಲ್ಲ. 2011ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ತಂಡ ಇಲಿಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಂದು ಬಗೆಯ ಬ್ಯಾಕ್ಟೀರಿಯಾ ತಿನ್ನಿಸಿತು. ಇಲಿಗಳ ಹೆದರಿಕೆ ಕಡಿಮೆಯಾಯಿತು. ವೇಗಸ್ ನರ ಕತ್ತರಿಸಿದಾಗ ಆ ಗುಣ ಕಾಣಲಿಲ್ಲ.

ಕ್ಯಾಪ್ಸೂಲಿನ ಜಾಹೀರಾತು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೆ, ಮುಂದಿನದು ಹೇಳೋದಿಲ್ಲ. ಕಾರ್ಕ್‌ನವರು ಅದೇ ಬ್ಯಾಕ್ಟೀರಿಯಾವನ್ನು ಆರೋಗ್ಯವಂತ ಗಂಡಸರಿಗೆ ಕೊಟ್ಟು 2017ರಲ್ಲಿ ಫಲಿತಾಂಶ ಪ್ರಕಟಿಸಿದರು: ಖಾಲಿ ಮಾತ್ರೆಗೂ ಅದಕ್ಕೂ ವ್ಯತ್ಯಾಸ ಸಿಗಲಿಲ್ಲ. ತಾವು ಕಣ್ಣಾರೆ ಕಂಡ ಫಲವನ್ನು ತಾವೇ ಹೀಗೆ ಒರೆಗೆ ಹಚ್ಚಿದವರ ಬಗ್ಗೆ ನನಗೆ ತುಂಬ ಗೌರವ. ಆದ್ದರಿಂದ ಟೆನ್ಷನ್ ಇಳಿಸೋಕೆ ಅಂತ ಕ್ಯಾಪ್ಸೂಲಿಗೆ ದುಡ್ಡು ಹಾಕಬೇಡಿ.

ನಿಮ್ಮದು ಐಬಿಎಸ್ ಇರಬಹುದು, ಅಂದರೆ ಟೆಸ್ಟಿನಲ್ಲಿ ಏನೂ ಕಾಣದಿದ್ದರೂ ಕರುಳು ಕೆರಳಿ ತೊಂದರೆ ಕೊಡುವ ಸಮಸ್ಯೆ. ಟೆಸ್ಟ್ ನಾರ್ಮಲ್ ಬಂತು ಅಂದಮಾತ್ರಕ್ಕೆ ಅದು ಬರೀ ಭ್ರಮೆ ಅಲ್ಲ, ಯಾರಾದರೂ ಭ್ರಮೆ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಒತ್ತಡದಲ್ಲಿ ಮಿದುಳು ಕಳಿಸುವ ಸಂಕೇತ ದೊಡ್ಡ ಕರುಳನ್ನು ನಿಜವಾಗಿಯೂ ಜೋರಾಗಿ ಓಡಿಸುತ್ತೆ. ಒಂದು ಸಲ ಬಂದು ತೋರಿಸಿ. ಮಲದಲ್ಲಿ ರಕ್ತ, ತೂಕ ಇಳಿಯೋದು, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ತಡಮಾಡಬೇಡಿ.

ಪ್ರಶ್ನೆ (ಮಲ್ಲೇಶ್ವರಂನಿಂದ): ನಮ್ಮನೇಲಿ ಇಡ್ಲಿ, ದೋಸೆ ತಪ್ಪಲ್ಲ. ಹಿಟ್ಟು ಹುಳಿ ಬಂದಿರತ್ತಲ್ಲ, ಅದರಲ್ಲೇ ಒಳ್ಳೇ ಬ್ಯಾಕ್ಟೀರಿಯಾ ಸಿಗಲ್ವಾ?

ಉತ್ತರ: ಇಡ್ಲಿ ಬೇಯುವಾಗ ಅವು ಸಾಯುತ್ತವೆ ಅಮ್ಮಾ. ಇಡ್ಲಿ ಒಳ್ಳೆಯದೇ, ಆದರೆ ಜೀವಂತ ಬ್ಯಾಕ್ಟೀರಿಯಾ ಬೇಕೆಂದರೆ ಮನೆಯಲ್ಲೇ ಹೆಪ್ಪು ಹಾಕಿದ ಮೊಸರು, ಮಜ್ಜಿಗೆ. ರಾಗಿ ಅಂಬಲಿ ಕಾಯಿಸಿ, ಪೂರ್ತಿ ಆರಿದ ಮೇಲೆ ಮಜ್ಜಿಗೆ ಬೆರೆಸಿ. ಬಿಸಿಯಲ್ಲೇ ಬೆರೆಸಿದರೆ ಮಜ್ಜಿಗೆಯಲ್ಲಿದ್ದವೂ ಹೋಗುತ್ತವೆ. 2021ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ಮೊಸರಿನಂಥ ಹುದುಗಿದ ಆಹಾರ ಹೆಚ್ಚಾಗಿ ತಿಂದವರ ಕರುಳಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು.

ಆದರೆ ಒಳಗೆ ಈಗಾಗಲೇ ಇರುವವಕ್ಕೂ ಊಟ ಬೇಕಲ್ಲ! ಅವುಗಳ ಊಟ ನಾರು. ಅದನ್ನು ತಿಂದು ಅವು ಬ್ಯುಟಿರೇಟ್ ಎಂಬ ಪದಾರ್ಥ ಮಾಡುತ್ತವೆ, ಕರುಳಿನ ಒಳಪದರದ ಜೀವಕೋಶಗಳು ಅದರಿಂದಲೇ ಬಲವಾಗೋದು. ನಿಮ್ಮ ಬಸ್ಸಾರನ್ನೇ ತಗೊಳ್ಳಿ. ಬಸಿದ ಕಟ್ಟು ಸಾರಿಗೆ ಹೋಯಿತು, ನಾರು ಉಳಿದಿರೋದು ಸೊಪ್ಪು ಕಾಳಿನ ಪಲ್ಯದಲ್ಲಿ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಸಾರನ್ನ ಉಂಡು ಪಲ್ಯ ತಟ್ಟೆಯ ಅಂಚಿಗೆ ತಳ್ಳುತ್ತಾರೆ. ಆ ಪಲ್ಯ ಬಿಡೋಕೆ ಬಿಡಬೇಡಿ. ಕಾಳು ತಿಂದು ಅಭ್ಯಾಸ ಇಲ್ಲದಿದ್ದರೆ ನಿಧಾನವಾಗಿ ಹೆಚ್ಚಿಸಿ, ಇಲ್ಲದಿದ್ದರೆ ಗ್ಯಾಸ್ ಆಗುತ್ತೆ.

ಪ್ರಶ್ನೆ (ಯಶವಂತಪುರದಿಂದ): ಮನಸ್ಸಿನ ಸ್ಥಿತಿಗೆ ನಂಟಿರೋ ಸಿರೊಟೋನಿನ್ ಅನ್ನೋ ರಾಸಾಯನಿಕ ಶೇ. 90 ಹೊಟ್ಟೇಲೇ ತಯಾರಾಗತ್ತೆ ಅಂತ ವಿಡಿಯೋ ನೋಡಿದೆ. ಅಮ್ಮ ಡಿಪ್ರೆಶನ್‌ಗೆ ಮಾತ್ರೆ ತಗೋತಿದಾರೆ. ಊಟ ಸರಿಮಾಡಿ ಮಾತ್ರೆ ಬಿಡಿಸಬಹುದಾ?

ಉತ್ತರ: ಬೇಡ. ದಯವಿಟ್ಟು ಬೇಡ. ಆ ಲೆಕ್ಕ ಸರಿಯೇ, ಆದರೆ ಕರುಳಿನ ಸಿರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ವಿಡಿಯೋದವರು ಇದನ್ನು ಹೇಳೋದೇ ಇಲ್ಲ.

ಊಟದಿಂದ ಉಪಯೋಗ ಇಲ್ಲ ಅಂತಲ್ಲ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಖಿನ್ನತೆಯಿದ್ದ 67 ಜನರಲ್ಲಿ ಕೆಲವರಿಗೆ ತರಕಾರಿ, ಕಾಳು, ಇಡೀ ಧಾನ್ಯ ಹೆಚ್ಚಿರುವ ಊಟ ಹೇಳಿಕೊಟ್ಟರು, ಉಳಿದವರ ಜೊತೆ ಬರೀ ಮಾತುಕತೆ. 12 ವಾರದಲ್ಲಿ ಊಟ ಬದಲಿಸಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಲಕ್ಷಣಗಳು ಬಹುತೇಕ ಹೋದವು, ಇನ್ನೊಂದು ಗುಂಪಿನಲ್ಲಿ ಶೇ. 8. ಆದರೆ ಅವರಲ್ಲಿ ಹೆಚ್ಚಿನವರು ಮಾತ್ರೆಯನ್ನೋ ಬೇರೆ ಚಿಕಿತ್ಸೆಯನ್ನೋ ಪಡೆಯುತ್ತಲೇ ಇದ್ದರು. ತಾಯಿಯವರಿಗೂ ಊಟ ಮಾತ್ರೆ ಎರಡೂ ಇರಲಿ. ಡೋಸ್ ಇಳಿಸೋದು ಅವರ ಮನೋವೈದ್ಯರ ಕೈಯಲ್ಲಿ. ರಾತ್ರಿ ಹೊತ್ತು ಅವರಿಗೆ ತಡೆಯಲಾಗದಷ್ಟು ಸಂಕಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.