ವಿಕ್ಟೋರಿಯಾ ರೂಪಾಯಿ ಮೇಲೆ ಹೂವು, ಅರ್ಧಚಂದ್ರ: ಇದು ಯಾರ ಮುದ್ರೆ?

ಪ್ರಶ್ನೆ (ಬಸವನಗುಡಿಯಿಂದ):
ನಮಸ್ತೆ ಸರ್. ನಮ್ಮ ಅಜ್ಜಿಯ ಟ್ರಂಕಿನಲ್ಲಿ ಒಂದು ಬೆಳ್ಳಿ ರೂಪಾಯಿ ಸಿಕ್ಕಿತು. ಒಂದು ಕಡೆ ವಿಕ್ಟೋರಿಯಾ ರಾಣಿ, ಇನ್ನೊಂದು ಕಡೆ 1862 ಅಂತ ಇದೆ. ರಾಣಿಯ ಕೆನ್ನೆ ಮೇಲೆ ಪುಟ್ಟ ಹೂವು, ಕತ್ತಿನ ಹತ್ತಿರ ಅರ್ಧಚಂದ್ರ, ಹಿಂದುಗಡೆ ಮೂರು ಚುಕ್ಕಿ ಒತ್ತಿದ್ದಾರೆ. ಇದು ದೇವಸ್ಥಾನದ ಗುಪ್ತ ಗುರುತು, 5 ಲಕ್ಷ ಕೊಡುತ್ತೇವೆ, ಮೊದಲು ನೋಂದಣಿಗೆ 2,000 ಕಳಿಸಿ ಅಂತ ಒಬ್ಬರು ಫೋನ್ ಮಾಡಿದ್ದರು. ನಿಜಾನಾ?

ಉತ್ತರ:
ಮೇಡಂ, ದಯವಿಟ್ಟು ಒಂದು ಪೈಸೆಯೂ ಕಳಿಸಬೇಡಿ. ಹಳೇ ನಾಣ್ಯದ ಹೆಸರಲ್ಲಿ ಹೀಗೆ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ.

ನೀವು ಹೇಳುವುದನ್ನು ನೋಡಿದರೆ ಇವು ಚಿನಿವಾರರ, ಅಂದರೆ ನಾಣ್ಯ ಪರೀಕ್ಷಿಸಿ ವ್ಯವಹಾರ ಮಾಡುತ್ತಿದ್ದವರ ಗುರುತು. ಪೇಪರಿನಲ್ಲಿ ಚಿನ್ನ ಬೆಳ್ಳಿ ದರಕ್ಕೆ ‘ಚಿನಿವಾರ ಪೇಟೆ’ ಅಂತ ಹಾಕುತ್ತಾರಲ್ವಾ, ಅದೇ ಚಿನಿವಾರ. ಆಗ ಒಳಗೆ ತಾಮ್ರ, ಮೇಲೆ ಬೆಳ್ಳಿಯ ಸಿಪ್ಪೆ ಇರುವ ಖೋಟಾ ರೂಪಾಯಿಗಳು ಓಡಾಡುತ್ತಿದ್ದವು. ಚಿನಿವಾರ ಸಣ್ಣ ಉಳಿಯಲ್ಲಿ ಒಂದು ಏಟು ಹಾಕಿ ಒಳಗೂ ಬೆಳ್ಳಿನೇ ಅಂತ ನೋಡಿಕೊಳ್ಳುತ್ತಿದ್ದ. ಉಳಿಯ ತುದಿಯಲ್ಲಿ ತನ್ನದೇ ಹೂವೋ ಚಂದ್ರನೋ ಇದ್ದರೆ, ಅದೇ ನಾಣ್ಯ ಮತ್ತೆ ಕೈಗೆ ಬಂದಾಗ ಇನ್ನೊಮ್ಮೆ ಪರೀಕ್ಷಿಸುವ ಕೆಲಸ ಇಲ್ಲ. ಮೊಘಲರ ರೂಪಾಯಿಗಳಲ್ಲಿ ಇಂಥ ಗುರುತು ಇನ್ನೂ ಜಾಸ್ತಿ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮುದ್ರಾಂಕಿತ ಬೆಳ್ಳಿ ನಾಣ್ಯಗಳ ಹಿಂಬದಿಯಲ್ಲಿರುವ ಪುಟ್ಟ ಗುರುತುಗಳನ್ನೂ ಅನೇಕ ವಿದ್ವಾಂಸರು ಹೀಗೇ ಓದುತ್ತಾರೆ. ನನಗಂತೂ ಒಂದೊಂದು ಏಟೂ ಒಬ್ಬ ಮನುಷ್ಯ ‘ಇದು ಸಾಚಾ’ ಅಂತ ಹೇಳಿದ ಮಾತಿನ ಹಾಗೆ ಕಾಣುತ್ತದೆ.

ಆದರೆ ಆ ಮೂರು ಚುಕ್ಕಿಯ ಬಗ್ಗೆ ನನಗೆ ಅನುಮಾನ ಇದೆ. ಬೆರಳಲ್ಲಿ ಸವರಿ ನೋಡಿ, ಉಬ್ಬಿದೆಯಾ ತಗ್ಗಾಗಿದೆಯಾ? ಉಬ್ಬಿದ್ದರೆ ಅದು ಟಂಕಸಾಲೆಯದೇ. 1862 ಅನ್ನುವ ಇಸವಿಯನ್ನೇ ಇಟ್ಟುಕೊಂಡು 1874ರವರೆಗೂ ರೂಪಾಯಿ ಹೊಡೆದರು, ಕೆಲವು ಅಚ್ಚಿನಲ್ಲಿ ಚುಕ್ಕಿಗಳಿವೆ. ಸಂಗ್ರಾಹಕರು ಆ ಚುಕ್ಕಿಗಳನ್ನು ಎಣಿಸಿಯೇ ಕೊಳ್ಳುವುದು. ಆಮೇಲೆ ಒತ್ತಿದ ಗುರುತು ತಗ್ಗಾಗಿರುತ್ತದೆ, ಅಂಚಿನಲ್ಲಿ ಲೋಹ ಸ್ವಲ್ಪ ಎದ್ದಿರುತ್ತದೆ, ಅದರ ನೇರ ಹಿಂದಿನ ಜಾಗ ಚಪ್ಪಟೆ ಆಗಿರುತ್ತದೆ.

ಪ್ರಶ್ನೆ:
ಚುಕ್ಕಿ ಉಬ್ಬಿದೆ ಸರ್! ಹೂವು ತಗ್ಗು. ಅದು ಯಾವ ಊರಿನ ಚಿನಿವಾರರದ್ದು ಅಂತ ಗೊತ್ತಾಗುತ್ತಾ? ಮತ್ತೆ ನಾಣ್ಯ ಅಸಲಿಯಾ?

ಉತ್ತರ:
ಬರೀ ಹೂವು, ಚಂದ್ರ ನೋಡಿ ಊರು ಹೇಳಲು ಆಗುವುದಿಲ್ಲ. ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಸರ್ಕಾರವೇ ಒತ್ತಿದ ಮುದ್ರೆಯಾದರೆ ಕಥೆ ಬೇರೆ. ನಮ್ಮ ರೂಪಾಯಿ ಆಫ್ರಿಕಾ, ಅರಬ್ ನಾಡುಗಳಲ್ಲೂ ಚಲಾವಣೆಯಲ್ಲಿತ್ತು. ಮೊಜಾಂಬಿಕ್‌ನಲ್ಲಿ ಪೋರ್ಚುಗೀಸರು ಕಿರೀಟದ ಕೆಳಗೆ ‘ಪಿ ಎಂ’ ಅಂತ ಒತ್ತಿದ್ದಾರೆ, ಯೆಮನ್ ಕಡೆಯ ಅಲ್-ಕುಐತಿ ಸುಲ್ತಾನರು (ಕುವೈತ್ ದೇಶದವರಲ್ಲ) ಹಿಜರಿ 1307 ಅಂತ ಒತ್ತಿದ್ದಾರೆ. ಅಂಥದ್ದಕ್ಕೆ ಬೆಲೆ ಜಾಸ್ತಿ, ಅದಕ್ಕೇ ಹೊಸದಾಗಿ ಒತ್ತಿ ಮಾರುವವರೂ ಇದ್ದಾರೆ. ಮೇಲೆಲ್ಲ ಕಪ್ಪಗಿದ್ದು ಗುರುತಿನ ಒಳಗೆ ಮಾತ್ರ ಪಳಪಳ ಅಂದರೆ ಹುಷಾರು. ಚಿನಿವಾರರ ಗುರುತಿದ್ದರೆ ಸಾಮಾನ್ಯವಾಗಿ ಬೆಲೆ ಸ್ವಲ್ಪ ಇಳಿಯುತ್ತದೆ.

ಅಸಲಿ ನಾಣ್ಯವಾದರೆ ತೂಕ 11.66 ಗ್ರಾಂ, ಸವೆದಿದ್ದರೆ ಸ್ವಲ್ಪ ಕಮ್ಮಿ. ಬೆಳ್ಳಿ ನೂರಕ್ಕೆ 91.7. ನಗರ್ತಪೇಟೆಯಲ್ಲಿ ಬೆಳ್ಳಿ ಕೆಲಸ ಮಾಡುವವರ ತಕ್ಕಡಿಯಲ್ಲಿ, ನಾಣ್ಯವನ್ನು ದಾರದಲ್ಲಿ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಿಸಿ. ನೀರಿನ ಹೊರಗೆ ತೂಗಿದ್ದಕ್ಕಿಂತ ಸುಮಾರು 1.13 ಗ್ರಾಂ ಕಮ್ಮಿ ತೋರಿಸಬೇಕು.

ಪ್ರಶ್ನೆ:
ತೂಗಿಸುತ್ತೇನೆ. ಅದಕ್ಕೂ ಮುಂಚೆ ಹುಣಸೆಹಣ್ಣು ಹಾಕಿ ಉಜ್ಜಲಾ?

ಉತ್ತರ:
ಅಯ್ಯೋ, ಬೇಡಮ್ಮ! ಆ ಕಪ್ಪು ಬರಲು ನೂರು ವರ್ಷ ಹಿಡಿದಿದೆ, ಉಜ್ಜಿದರೆ ಅಕ್ಷರವೂ ಸವೆಯುತ್ತದೆ. ಹತ್ತಿಬಟ್ಟೆ ಮೇಲೆ ಇಟ್ಟು, ಬೆಳಗ್ಗೆ ಕಿಟಕಿ ಪಕ್ಕ ಓರೆ ಬೆಳಕಿನಲ್ಲಿ ಎರಡೂ ಕಡೆಯ ಫೋಟೋ ತೆಗೆದು ಇಲ್ಲೇ ಹಾಕಿ. ಚುಕ್ಕಿ ಎಲ್ಲೆಲ್ಲಿ ಎಷ್ಟಿದೆ ಅಂತ ನೋಡಿ ಹೇಳುತ್ತೇನೆ.