ತಮ್ಮನ ಕೈ ಕಟ್ಟಿ, ನೀರು ಕೊಡದೆ ಮಲಗಿಸಿದ್ದರು: ಆಸ್ಪತ್ರೆಯಲ್ಲಿ ಯಾರನ್ನು ಕೇಳಬೇಕು?

ನಾಪೋಕ್ಲು ಅಕ್ಕ

ನನ್ನ ತಮ್ಮನಿಗೆ ಮೂವತ್ತು ದಾಟಿದೆ. ಹುಟ್ಟಿನಿಂದಲೇ ಬೌದ್ಧಿಕ ಅಂಗವೈಕಲ್ಯವಿದೆ. ಮಾತು ನಾಲ್ಕೈದು ಪದ ಮಾತ್ರ, ಆದರೆ ಅವನಿಗೆ ಏನಾಗುತ್ತಿದೆ ಎಂದು ತಿಳಿಯಲು ಮಾತೇ ಬೇಕೆಂದಿಲ್ಲ. ನೋವಿದ್ದರೆ ಅಂಗಿಯ ಕಾಲರ್ ಕಚ್ಚುತ್ತಾನೆ. ಬಾಟಲಿಯಿಂದ ನೀರು ಕುಡಿಯುವುದಿಲ್ಲ, ಲೋಟವನ್ನು ತುಟಿಗೆ ಹಿಡಿದು ಕಾಯಬೇಕು. ದಾಖಲು ಮಾಡುವಾಗ ಇಷ್ಟನ್ನೂ ಎದುರು ನಿಂತು ಹೇಳಿದ್ದೆ.

ಕಳೆದ ಕಕ್ಕಡ ಮಾಸದ ಮಳೆಗಾಲದಲ್ಲಿ ಜ್ವರ, ವಾಂತಿ ಎಂದು ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಪುರುಷರ ವಾರ್ಡ್, ರಾತ್ರಿ ಹೆಂಗಸರು ಉಳಿಯುವಂತಿಲ್ಲ ಎಂದರು. ಅಪ್ಪ ತೀರಿಕೊಂಡಿದ್ದಾರೆ, ನಮ್ಮ ಮನೆಯಲ್ಲಿ ಬೇರೆ ಗಂಡಸರಿಲ್ಲ. ಹಾಗೆಂದು ಹೇಳಿದರೂ ಬಿಡಲಿಲ್ಲ. "ನಾವಿದ್ದೇವಲ್ಲ" ಎಂದು ಕಳುಹಿಸಿದರು.

ಬೆಳಿಗ್ಗೆ ಹೋದಾಗ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಬಿಗಿದಿದ್ದರು. ಡ್ರಿಪ್ ಕಿತ್ತುಕೊಂಡನಂತೆ. ಕಿತ್ತದ್ದನ್ನು ಮತ್ತೆ ಹಾಕಿರಲಿಲ್ಲ. ಪಕ್ಕದ ಮೇಜಿನ ಮೇಲಿದ್ದ ನೀರಿನ ಬಾಟಲಿಯ ಸೀಲ್ ಕೂಡ ಒಡೆದಿರಲಿಲ್ಲ. ತುಟಿ ಬಿರಿದು ರಕ್ತ ಕಟ್ಟಿತ್ತು, ಕಾಲರ್ ಹರಿದುಹೋಗಿತ್ತು. ಮಂಚಕ್ಕೆ ತೂಗುಹಾಕಿದ್ದ ಹಾಳೆಯಲ್ಲಿ ಮಾತ್ರ ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು ಗಂಟೆಯ ಎದುರು "200 ಮಿ.ಲೀ. ನೀರು" ಎಂದು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದಿತ್ತು. ಮೂತ್ರದ ಕಾಲಂ ಪೂರ್ತಿ ಖಾಲಿ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ.

ಹೊಟ್ಟೆ ಗಟ್ಟಿಯಾಗಿದೆ, ನೋವಿದೆ ಎಂದರೆ ವೈದ್ಯರು ಮುಟ್ಟಿಯೂ ನೋಡದೆ "ಇಂಥವರು ಹೀಗೇ ಹಟ ಮಾಡುತ್ತಾರೆ" ಎಂದರು. ಕೊನೆಗೆ ನಾವೇ ಬಿಡಿಸಿಕೊಂಡು ಮೈಸೂರಿಗೆ ಕರೆದೊಯ್ದೆವು. ಕರುಳು ಕಟ್ಟಿಕೊಂಡಿದೆ, ಮೈಯಲ್ಲಿ ನೀರಿನಂಶವೇ ಇಲ್ಲ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿ. ತಮ್ಮ ಬದುಕಿ ಬಂದಿದ್ದಾನೆ.

ಆಡಳಿತದವರನ್ನು ಕೇಳಿದರೆ, ಆ ರಾತ್ರಿಯ ಸಿಸ್ಟರನ್ನು ಕೆಲಸದಿಂದ ತೆಗೆದಾಯಿತು, ಇನ್ನೇನು ಬೇಕು ಎನ್ನುತ್ತಾರೆ. ಆ ಹುಡುಗಿಯನ್ನು ನಾನು ನೋಡಿದ್ದೇನೆ. ತುಂಬಿದ ವಾರ್ಡಿಗೆ ಅವಳೊಬ್ಬಳೇ. ಅವಳ ಅನ್ನ ಕಿತ್ತುಕೊಂಡರೆ ನನ್ನ ತಮ್ಮನಿಗೆ ನ್ಯಾಯ ಸಿಕ್ಕಿತೇ? ಒಬ್ಬಳನ್ನೇ ಬಿಟ್ಟವರು ಯಾರು, ಕೈ ಕಟ್ಟಲು ಹೇಳಿದವರು ಯಾರು, ನನ್ನನ್ನು ಹೊರಗೆ ಕಳುಹಿಸಿದ ನಿಯಮ ಯಾರದ್ದು? ಇದಕ್ಕೆ ಮೇಲಿನವರು ಸಹಿ ಹಾಕಿದ ಉತ್ತರ ಬೇಕು. ಪರಿಹಾರದ ಹಣಕ್ಕಾಗಿ ಕೇಳುತ್ತಿಲ್ಲ. ಎಲ್ಲಿಗೆ ಹೋಗಲಿ?

ನಿವೃತ್ತ ಶುಶ್ರೂಷಕಿ, ಸೋಮವಾರಪೇಟೆ

ಅಕ್ಕ, ಮೊದಲು ಕಾಗದ. ಬಿಡುಗಡೆಯ ಸಾರಾಂಶ ಕೊಟ್ಟು ಸಾಗಹಾಕುತ್ತಾರೆ, ಅದರಲ್ಲಿ ಏನೂ ಇರುವುದಿಲ್ಲ. ಪೂರ್ತಿ ಕೇಸ್ ಶೀಟ್ ಬೇಕೆಂದು ಲಿಖಿತವಾಗಿ ಕೇಳಿ: ಸಿಸ್ಟರ್‌ಗಳ ಟಿಪ್ಪಣಿ, ನೀರು-ಮೂತ್ರದ ಲೆಕ್ಕದ ಹಾಳೆ, ಔಷಧಿ ಕೊಟ್ಟ ಪಟ್ಟಿ, ವೈದ್ಯರ ಆದೇಶದ ಹಾಳೆ. ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿಯಲ್ಲಿದೆ. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಕೈ ಕಟ್ಟುವುದು ಸಿಸ್ಟರ್ ತಾನಾಗಿ ಮಾಡುವ ಕೆಲಸವಲ್ಲ. ವೈದ್ಯರ ಆದೇಶವಿರಬೇಕು, ಕಾರಣ ಬರೆದಿರಬೇಕು, ಬೆರಳುಗಳ ರಕ್ತಸಂಚಾರವನ್ನು ಆಗಾಗ ನೋಡಿ ಗುರುತು ಹಾಕಿರಬೇಕು. ಆದೇಶದ ಹಾಳೆಯಲ್ಲಿ ಆ ಸಾಲು ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಅದೇ ನಿಮ್ಮ ದೊಡ್ಡ ಸಾಕ್ಷಿ. ಡ್ಯೂಟಿ ಪಟ್ಟಿಯನ್ನೂ ಕೇಳಿ. ಎಷ್ಟು ಮಂಚಕ್ಕೆ ಎಷ್ಟು ಜನರಿದ್ದರು ಎನ್ನುವುದು ಅಲ್ಲಿ ಗೊತ್ತಾಗುತ್ತದೆ, ಆ ಪಟ್ಟಿಗೆ ಸಹಿ ಹಾಕುವವರು ಮೇಲಿನವರು. ಫೋಟೊ ತೆಗೆದ ಮೊಬೈಲನ್ನು ಮಾರಬೇಡಿ, ಮೂಲ ಫೋಟೊ ಅಳಿಸಬೇಡಿ.

ವಿರಾಜಪೇಟೆ ವಕೀಲ

ಮೇಡಂ, ಖಾಸಗಿ ಆಸ್ಪತ್ರೆಯಾದ್ದರಿಂದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007 ಅನ್ವಯಿಸುತ್ತದೆ. 2017ರ ತಿದ್ದುಪಡಿಯ ನಂತರ ಪ್ರತಿ ಜಿಲ್ಲೆಗೂ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದ್ದು, ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅಲ್ಲಿ ಉತ್ತರ ಕೊಡಬೇಕಾದದ್ದು ಸಂಸ್ಥೆ. ನಿಮಗೆ ಬೇಕಾದದ್ದೂ ಅದೇ. ಹೊಟ್ಟೆ ಮುಟ್ಟದ ವೈದ್ಯರ ಮೇಲಿನ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ.

ಎರಡನೆಯದು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016. ಅದರ 92ನೇ ಕಲಮಿನಂತೆ, ಅಂಗವಿಕಲರು ಯಾರ ಸುಪರ್ದಿಯಲ್ಲಿದ್ದಾರೋ ಅವರು ತಿಳಿದೂ ಅನ್ನ ನೀರು ಕೊಡದಿದ್ದರೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಶಿಕ್ಷೆ ಮತ್ತು ದಂಡ. "ತಿಳಿದೂ" ಎನ್ನುವುದನ್ನು ಸಾಬೀತು ಮಾಡುವುದು ಸುಲಭವಲ್ಲ. ಪೊಲೀಸ್ ದೂರಾದರೆ ಮತ್ತೆ ಆ ಹುಡುಗಿಯೇ ಮೊದಲ ಆರೋಪಿಯಾಗುವ ಅಪಾಯವೂ ಇದೆ. ಹಾಗಾಗಿ ಅದೇ ಕಾಯಿದೆಯಡಿ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಬರೆಯಿರಿ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಗಡುವಿದೆ, ಅದನ್ನೂ ನೆನಪಿಡಿ. ವಕೀಲರ ಖರ್ಚಿನ ಚಿಂತೆ ಬೇಡ, ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.

ಸಂಸ್ಥೆಯನ್ನೇ ಹೊಣೆ ಮಾಡಬಹುದೇ ಎಂಬ ಅನುಮಾನವಿದ್ದರೆ ಇಂಗ್ಲೆಂಡಿನ ಒಂದು ಪ್ರಕರಣ ನೋಡಿ. 2013ರಲ್ಲಿ ಆಕ್ಸ್‌ಫರ್ಡಿನ ಸರ್ಕಾರಿ ಚಿಕಿತ್ಸಾ ಘಟಕವೊಂದರಲ್ಲಿ ಮೂರ್ಛೆರೋಗವಿದ್ದ 18 ವರ್ಷದ ತರುಣನನ್ನು ಸ್ನಾನದ ತೊಟ್ಟಿಯಲ್ಲಿ ಒಬ್ಬನನ್ನೇ ಬಿಟ್ಟರು, ಮುಳುಗಿ ಸತ್ತ. ಸಹಜ ಸಾವು ಎಂದು ಮೊದಲು ಹೇಳಿದರು. ತಾಯಿ ಬಿಡಲಿಲ್ಲ. 2015ರಲ್ಲಿ ಸಾವಿಗೆ ನಿರ್ಲಕ್ಷ್ಯವೂ ಕಾರಣ ಎಂದು ಜ್ಯೂರಿ ಹೇಳಿತು. 2018ರಲ್ಲಿ ಆ ಸಾವಿಗೂ ಇನ್ನೊಬ್ಬ ರೋಗಿಯ ಸಾವಿಗೂ ಸೇರಿಸಿ ನ್ಯಾಯಾಲಯ ಆ ಘಟಕವನ್ನು ನಡೆಸುತ್ತಿದ್ದ ಟ್ರಸ್ಟಿಗೆ 20 ಲಕ್ಷ ಪೌಂಡ್ ದಂಡ ಹಾಕಿತು. ದಂಡ ತೆತ್ತದ್ದು ಸಂಸ್ಥೆ.

ಸುಂಟಿಕೊಪ್ಪದ ಅಮ್ಮ

ನನ್ನ ಮಗಳೂ ನಿಮ್ಮ ತಮ್ಮನ ಹಾಗೆ. ಓದಿ ಕೈಕಾಲು ನಡುಗಿತು. ಒಂದು ವಿಷಯ ನೋಡಿಕೊಳ್ಳಿ: ಹದಿನೆಂಟು ದಾಟಿದವರ ದಾಖಲೆ ಕೇಳಿದರೆ "ನೀವು ಯಾರು" ಎಂದು ತಿರುಗಿ ಕೇಳುತ್ತಾರೆ. ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾಧಿಕಾರಿಯವರ ಸ್ಥಳೀಯ ಸಮಿತಿ ಕೊಡುವ ಪೋಷಕತ್ವದ ಪ್ರಮಾಣಪತ್ರ ಇದೆಯೇ? ಇದ್ದರೆ ಅರ್ಜಿ ಆ ಹೆಸರಿನಲ್ಲೇ ಹೋಗಲಿ.

ನಾದಿನಿ ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ಇಂಥ ರೋಗಿಗಳ ಜೊತೆ "ಹಾಸ್ಪಿಟಲ್ ಪಾಸ್‌ಪೋರ್ಟ್" ಎಂಬ ಹಾಳೆ ಇರುತ್ತದೆಯಂತೆ. ನೋವಾದರೆ ಏನು ಮಾಡುತ್ತಾರೆ, ಹೇಗೆ ಕುಡಿಯುತ್ತಾರೆ, ಯಾವುದಕ್ಕೆ ಹೆದರುತ್ತಾರೆ ಎಲ್ಲ ಅದರಲ್ಲಿ. ನಾನೂ ಮಗಳಿಗೆ ಕನ್ನಡದಲ್ಲಿ ಒಂದು ಬರೆದಿಟ್ಟಿದ್ದೇನೆ. ದಾಖಲು ಮಾಡುವಾಗ ಕೊಟ್ಟು, ಪ್ರತಿಗೆ ಡ್ಯೂಟಿ ಸಿಸ್ಟರ್ ಸಹಿ ತೆಗೆದುಕೊಳ್ಳುತ್ತೇನೆ. ನಮಗೆ ಯಾರೂ ಹೇಳಿರಲಿಲ್ಲ ಎನ್ನಲು ಆಮೇಲೆ ಯಾರಿಗೂ ಬಾಯಿ ಬರಬಾರದು.

ನಾಪೋಕ್ಲು ಅಕ್ಕ

ಪ್ರಮಾಣಪತ್ರ ಅವ್ವನ ಹೆಸರಿನಲ್ಲಿದೆ. ದಾಖಲೆಯ ಅರ್ಜಿಗೆ ಅವ್ವನ ಸಹಿ ಹಾಕಿಸಿದ್ದೇನೆ, ನಾಳೆ ನಾನೇ ಕೊಟ್ಟು ಬರುತ್ತೇನೆ. ದೂರಿನಲ್ಲಿ ಆ ಸಿಸ್ಟರ್ ಎಷ್ಟು ಮಂದಿಯನ್ನು ನೋಡಿಕೊಳ್ಳುತ್ತಿದ್ದಳು ಎಂಬುದನ್ನೂ ಬರೆಯುತ್ತೇನೆ.

ವಕೀಲ ಸರ್, ವಿಚಾರಣೆಗೆ ತಮ್ಮನನ್ನು ಕರೆತರಲೇಬೇಕೇ? ಈಗ ಬಿಳಿ ಕೋಟು ಕಂಡರೆ ಸಾಕು, ಕೈಗಳೆರಡನ್ನೂ ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಾನೆ.

ವಿರಾಜಪೇಟೆ ವಕೀಲ

ಪ್ರಾಧಿಕಾರಕ್ಕೆ ದೂರು ಕೊಡಲು ಅವರು ಬರಬೇಕಿಲ್ಲ, ತಾಯಿಯ ಅರ್ಜಿ ಸಾಕು. ಮುಂದೆ ಅವರ ಹೇಳಿಕೆ ಬೇಕಾದರೂ, ಅವರಿಗೆ ಒಗ್ಗುವ ರೀತಿಯಲ್ಲೇ ಅದನ್ನು ದಾಖಲಿಸಲು ಸರ್ಕಾರ ಅನುಕೂಲ ಮಾಡಿಕೊಡಬೇಕು ಎಂದು 2016ರ ಕಾಯಿದೆಯ 12ನೇ ಕಲಮಿನಲ್ಲಿದೆ. ಕೈ ಅಡಗಿಸುವ ವಿಷಯವನ್ನು ದೂರಿನಲ್ಲಿ ಬರೆಯಿರಿ, ನೀವು ಇಲ್ಲಿ ಬರೆದ ಹಾಗೆಯೇ. ದಾಖಲೆ ಕೈಗೆ ಬಂದ ದಿನ ನನಗೆ ಸಂದೇಶ ಕಳುಹಿಸಿ, ಕರಡು ನಾನು ಬರೆದುಕೊಡುತ್ತೇನೆ.