ಡೇಟಾ ಫ್ರೇಮ್‌ಗೆ ಮಳೆಯ ಕಾಲಂ ಸೇರಿಸಿದೆ: ದೋಷಸಂದೇಶ ಬರಲಿಲ್ಲ, ಆದರೆ ಅಂಕಿಗಳು ತಾಳೆಯಾಗುತ್ತಿಲ್ಲ

ಪ್ರಶ್ನೆ (ಕಲಬುರಗಿಯಿಂದ)

ಎಲ್ಲರಿಗೂ ನಮಸ್ಕಾರ. ಕಲಬುರಗಿ ಜಿಲ್ಲೆಯ ತೊಗರಿ ಇಳುವರಿಯ ಕುರಿತ ಪ್ರಬಂಧಕ್ಕಾಗಿ ಅಂಕಿಅಂಶಗಳ ವಿಶ್ಲೇಷಣೆಗೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಫಜಲಪುರ, ಆಳಂದ, ಕಲಬುರಗಿ, ಚಿಂಚೋಳಿ, ಚಿತ್ತಾಪುರ, ಜೇವರ್ಗಿ, ಸೇಡಂ ಎಂಬ ಏಳು ತಾಲ್ಲೂಕುಗಳ 2005-06ರಿಂದ 2014-15ರವರೆಗಿನ ಮಾಹಿತಿ ಸಾಲು-ಕಾಲಂಗಳ ಕೋಷ್ಟಕವಾದ ಒಂದೇ ಡೇಟಾ ಫ್ರೇಮ್‌ನಲ್ಲಿದ್ದು, ಒಟ್ಟು 70 ಸಾಲುಗಳಿವೆ. ಮೊದಲು ಅಫಜಲಪುರದ ಹತ್ತೂ ವರ್ಷ, ನಂತರ ಆಳಂದದ ಹತ್ತೂ ವರ್ಷ, ಹೀಗೆ ಸಾಲುಗಳನ್ನು ಜೋಡಿಸಲಾಗಿದೆ. ವಿಸ್ತೀರ್ಣ ಹೆಕ್ಟೇರಿನಲ್ಲಿಯೂ ಉತ್ಪಾದನೆ ಟನ್ನಿನಲ್ಲಿಯೂ ಇದೆ.

ಇದಕ್ಕೆ ಎರಡು ಕಾಲಂ ಸೇರಿಸಬೇಕಾಗಿದೆ: ಹೆಕ್ಟೇರಿಗೆ ಎಷ್ಟು ಕಿಲೋ ಎಂಬ ಇಳುವರಿ, ಮತ್ತು ತಾಲ್ಲೂಕಿನ ವಾಡಿಕೆ ಮಳೆ. ವಾಡಿಕೆ ಮಳೆಯ ಏಳು ಅಂಕಿಗಳನ್ನು ಡಾಲರ್ ಚಿಹ್ನೆ ಬಳಸಿ ನೇರವಾಗಿ ಹೊಸ ಕಾಲಂಗೆ ಕೊಟ್ಟೆ. ಆರ್ ಯಾವ ತಕರಾರನ್ನೂ ಮಾಡಲಿಲ್ಲ. ಆದರೆ ಅಫಜಲಪುರದ ಹತ್ತು ಸಾಲುಗಳಲ್ಲಿ ಒಂದೇ ಅಂಕಿ ಇರಬೇಕಾದಲ್ಲಿ ಬೇರೆ ಬೇರೆ ಅಂಕಿಗಳು ಕಾಣಿಸುತ್ತಿವೆ. ಇದೇಕೆ ಹೀಗೆ?

ಉತ್ತರ 1 (ಬೀದರದಿಂದ)

ಮೊದಲು ಸುಲಭದ್ದನ್ನು ಮುಗಿಸೋಣ. ಇಳುವರಿಯ ಕಾಲಂಗೆ ಒಂದೇ ಸಾಲು ಸಾಕು. ಓದಲು ಅನುಕೂಲವಾಗಲೆಂದು ಹೆಸರುಗಳನ್ನು ಕನ್ನಡದಲ್ಲಿಯೇ ಬರೆದಿದ್ದೇನೆ.

ತೊಗರಿ$ಇಳುವರಿ <- ತೊಗರಿ$ಉತ್ಪಾದನೆ * 1000 / ತೊಗರಿ$ವಿಸ್ತೀರ್ಣ

ಇಲ್ಲಿ ಬಲಗಡೆಯ ಎರಡೂ ಕಾಲಂಗಳು ಅದೇ ಕೋಷ್ಟಕದವು, ಆದ್ದರಿಂದ ಲೆಕ್ಕ ಸಾಲಿಂದ ಸಾಲಿಗೆ ತಾನಾಗಿಯೇ ನಡೆಯುತ್ತದೆ. ಆರ್‌ನ ಹೆಚ್ಚುವರಿ ಪ್ಯಾಕೇಜಾದ ಡಿಪ್ಲೈರ್‌ನಲ್ಲಿ ಹೊಸ ಕಾಲಂ ಸೇರಿಸುವ ಮ್ಯುಟೇಟ್ ಬಳಸಿದರೂ ಫಲ ಒಂದೇ, ಆದರೆ ಬಂದದ್ದನ್ನು ಮತ್ತೆ ಒಂದು ಹೆಸರಿಗೆ ಕೊಡದಿದ್ದರೆ ಹೊಸ ಕಾಲಂ ಪರದೆಯ ಮೇಲೆ ಕಾಣಿಸಿ ಅಲ್ಲಿಗೇ ಮುಗಿಯುತ್ತದೆ.

ಮಳೆಯ ಕಾಲಂನಲ್ಲಿ ನಡೆದದ್ದು ಬೇರೆ. ಕೊಟ್ಟ ಅಂಕಿಗಳು ಸಾಲುಗಳಿಗಿಂತ ಕಡಿಮೆಯಿದ್ದು, ಸಾಲುಗಳ ಸಂಖ್ಯೆ ಅವುಗಳಿಂದ ನಿಶ್ಶೇಷವಾಗಿ ಭಾಗವಾಗುವಂತಿದ್ದರೆ, ಸಾಮಾನ್ಯ ಡೇಟಾ ಫ್ರೇಮ್ ಅವನ್ನೇ ಮತ್ತೆ ಮತ್ತೆ ಮೊದಲಿನಿಂದ ತುಂಬಿಸುತ್ತ ಹೋಗುತ್ತದೆ. 70ನ್ನು 7 ಭಾಗಿಸುತ್ತದೆ. ಆದ್ದರಿಂದ ನಿಮ್ಮ ಒಂದನೆಯ ಸಾಲಿಗೆ ಅಫಜಲಪುರದ ಮಳೆ, ಎರಡನೆಯದಕ್ಕೆ ಆಳಂದದ ಮಳೆ ಹೀಗೆ ಏಳನೆಯ ಸಾಲಿಗೆ ಸೇಡಂನ ಮಳೆ ಬಂದು, ಎಂಟನೆಯದಕ್ಕೆ ಮತ್ತೆ ಅಫಜಲಪುರದ್ದೇ ಬಂದಿದೆ. ಈ ಹತ್ತೂ ಸಾಲುಗಳು ಅಫಜಲಪುರದವೇ ಎಂಬುದು ಆರ್‌ಗೆ ಗೊತ್ತಿಲ್ಲ. ನಿಮ್ಮಲ್ಲಿ ಒಂದು ಸಾಲು ಕಡಿಮೆಯಿದ್ದು 69 ಆಗಿದ್ದರೆ ದೋಷಸಂದೇಶ ಬಂದು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಡೇಟಾ ಫ್ರೇಮ್‌ನ ಇನ್ನೊಂದು ರೂಪವಾದ ಟಿಬಲ್ ಈ ವಿಷಯದಲ್ಲಿ ಕಟ್ಟುನಿಟ್ಟು: ಒಂದೇ ಒಂದು ಅಂಕಿಯನ್ನು ಮಾತ್ರ ಎಲ್ಲ ಸಾಲುಗಳಿಗೂ ಹರಡುತ್ತದೆ, ಏಳನ್ನು ಕೊಟ್ಟರೆ ನಿರಾಕರಿಸುತ್ತದೆ. ನನ್ನ ಮಟ್ಟಿಗೆ ಅದೇ ಸರಿಯಾದ ನಡವಳಿಕೆ.

ಸಾಲುಗಳನ್ನು ವರ್ಷವಾರು ಜೋಡಿಸಿಕೊಂಡರೆ ಇದು ತಾನಾಗಿ ಸರಿಹೋಗುತ್ತದೆಂದು ಯಾರಾದರೂ ಹೇಳಬಹುದು. ಹೋಗುತ್ತದೆ, ನಿಜ, ಆದರೆ ನಾಳೆ ಯಾರೋ ಒಂದು ಸಾಲು ಅಳಿಸಿ ಇನ್ನೊಂದನ್ನು ಬೇರೆಡೆ ಸೇರಿಸಿದರೆ ಮತ್ತೆ ಅದೇ ಕಥೆ. ಮಳೆಯನ್ನು ತಾಲ್ಲೂಕು, ಮಳೆ ಎಂಬ ಎರಡು ಕಾಲಂಗಳ ಚಿಕ್ಕ ಕೋಷ್ಟಕವಾಗಿ ಇಟ್ಟುಕೊಂಡು, ತಾಲ್ಲೂಕಿನ ಹೆಸರನ್ನೇ ಕೀಲಿಯಾಗಿಸಿ ಲೆಫ್ಟ್ ಜಾಯಿನ್ ಮಾಡಿ, ಅಂದರೆ ಮೂಲ ಕೋಷ್ಟಕದ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಹೆಸರು ಹೊಂದುವ ಕಡೆ ಮಳೆಯನ್ನು ಸೇರಿಸಿ.

ಉತ್ತರ 2 (ಯಾದಗಿರಿಯಿಂದ)

ಮೇಲಿನ ಉತ್ತರಕ್ಕೆ ನಮ್ಮ ಭಾಗಕ್ಕೇ ವಿಶೇಷವಾದ ಒಂದು ತೊಡಕನ್ನು ಸೇರಿಸುತ್ತೇನೆ. ಊರಿನ ಅಧಿಕೃತ ಹೆಸರು 2014ರ ನವೆಂಬರ್ 1ರಂದು ಗುಲ್ಬರ್ಗಾದಿಂದ ಕಲಬುರಗಿ ಎಂದು ಬದಲಾಯಿತು. ನಿಮ್ಮ ಹಳೆಯ ಕಡತದಲ್ಲಿ ಒಂದು ಹೆಸರು, ಮಳೆಯ ಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಜಾಯಿನ್ ಮಾಡಿದಾಗ ಆ ತಾಲ್ಲೂಕಿನ ಸಾಲುಗಳಲ್ಲಿ ಎನ್‌ಎ, ಅಂದರೆ ಮಾಹಿತಿ ಇಲ್ಲ ಎಂಬ ಗುರುತು, ಬರುತ್ತದೆ. ಎನ್‌ಎ ಬಂದರೆ ಸಂತೋಷಪಡಿ, ಏಕೆಂದರೆ ಅದು ಕಣ್ಣಿಗೆ ಬೀಳುತ್ತದೆ.

ತಾಲ್ಲೂಕಿಗೊಂದೇ ಸಾಲಿರುವ ಎರಡು ಪಟ್ಟಿಗಳನ್ನು ಹೆಸರು ನೋಡದೆ ಸಿಬೈಂಡ್ ಎಂಬ ಆದೇಶದಿಂದ ಅಕ್ಕಪಕ್ಕ ಅಂಟಿಸಿದಾಗ ಆಗುವುದು ಇನ್ನೂ ಕೆಟ್ಟದ್ದು. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಗುಲ್ಬರ್ಗಾ ಜೇವರ್ಗಿಗಿಂತ ಮೊದಲು ಬರುತ್ತದೆ, ಕಲಬುರಗಿ ಅದರ ನಂತರ ಬರುತ್ತದೆ. ಎರಡೂ ಪಟ್ಟಿಗಳು ಅಕ್ಷರಕ್ರಮದಲ್ಲಿ ಶಿಸ್ತಾಗಿಯೇ ಇರುತ್ತವೆ, ಐದು ತಾಲ್ಲೂಕುಗಳು ಸರಿಯಾಗಿಯೇ ಕೂಡುತ್ತವೆ, ಈ ಎರಡರ ಮಳೆ ಮಾತ್ರ ಅದಲುಬದಲಾಗುತ್ತದೆ. ಮೇಲಿನ ನಾಲ್ಕು ಸಾಲು ನೋಡಿ ಸರಿಯಿದೆ ಎಂದುಕೊಳ್ಳುವವರಿಗೆ ಇದು ಎಂದೂ ಕಾಣುವುದಿಲ್ಲ.

ಇನ್ನೊಂದು ಮಾತು: ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಅದಕ್ಕೂ ಹಿಂದಿನ ವರ್ಷಗಳ ಜಿಲ್ಲಾ ಮೊತ್ತದಲ್ಲಿ ಯಾದಗಿರಿ, ಶಹಾಪುರ, ಸುರಪುರ ಸೇರಿರುತ್ತವೆ. ಏಳು ತಾಲ್ಲೂಕುಗಳ ಮೊತ್ತವನ್ನು ಹಳೆಯ ವರದಿಯ ಮೊತ್ತದೊಂದಿಗೆ ಹೋಲಿಸಲು ಹೊರಟರೆ ಇದನ್ನು ಗಮನದಲ್ಲಿಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಕೀಲಿಯ ಮೂಲಕ ಸೇರಿಸಿದಾಗ ಕಲಬುರಗಿಯ ಹತ್ತು ಸಾಲುಗಳಲ್ಲಿ ನಿಜವಾಗಿಯೂ ಎನ್‌ಎ ಬಂದಿತು; ಹೆಸರನ್ನು ಒಂದೇ ರೀತಿ ಮಾಡಿದ ಮೇಲೆ ತುಂಬಿಕೊಂಡಿತು. ನಮ್ಮ ಲ್ಯಾಬಿನಲ್ಲಿ ಮೂಲ ಆರ್‌ನ ಕೋಷ್ಟಕಗಳನ್ನು ಕೂಡಿಸುವ ಮರ್ಜ್ ಆದೇಶವನ್ನೇ ಬಳಸಲು ಹೇಳುತ್ತಾರೆ. ಅದರಿಂದ ವ್ಯತ್ಯಾಸವಾಗುತ್ತದೆಯೇ?

ಉತ್ತರ 3 (ಬೀದರದಿಂದ)

ಎರಡು ವ್ಯತ್ಯಾಸಗಳಿವೆ. ಮರ್ಜ್ ತಾನಾಗಿಯೇ ಎರಡೂ ಕಡೆ ಇರುವ ಹೆಸರುಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಅಂದರೆ ನಿಮಗೆ ಕಂಡ ಆ ಹತ್ತು ಎನ್‌ಎ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗಿ 60 ಮಾತ್ರ ಉಳಿಯುತ್ತಿದ್ದವು. ಮರ್ಜ್‌ನ ಆಲ್ ಡಾಟ್ ಎಕ್ಸ್ ಎಂಬ ಆಯ್ಕೆಯನ್ನು ಟ್ರೂ ಮಾಡಿದರೆ ಉಳಿಯುತ್ತವೆ. ಜೊತೆಗೆ ಅದು ಫಲಿತಾಂಶವನ್ನು ಕೀಲಿಯ ಕ್ರಮದಲ್ಲಿ ವಿಂಗಡಿಸುತ್ತದೆ, ಲೆಫ್ಟ್ ಜಾಯಿನ್ ನಿಮ್ಮ ಮೂಲ ಸಾಲುಗಳ ಕ್ರಮವನ್ನು ಕೆಡಿಸುವುದಿಲ್ಲ. ಯಾವುದನ್ನು ಬಳಸಿದರೂ ಮೊದಲು ಮತ್ತು ನಂತರ ಸಾಲುಗಳನ್ನು ಎಣಿಸುವ ಎನ್‌ರೋ ಹಾಕಿ ನೋಡಿ. 70 ಇದ್ದದ್ದು 80 ಆಗಿದ್ದರೆ ಮಳೆಯ ಪಟ್ಟಿಯಲ್ಲಿ ಯಾವುದೋ ತಾಲ್ಲೂಕು ಎರಡು ಸಲ ಬಂದಿದೆ ಎಂದೇ ಅರ್ಥ.